ಸಂತ ಜಾನ್ ಮರಿಯ ವಿಯಾನ್ನಿ: ಒಂದು ದೈವಕರೆಯ ಚರಿತ್ರೆ

ನಮ್ಮ ಧರ್ಮಕೇಂದ್ರವು ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಪುಣ್ಯಕಾಲದಲ್ಲಿ, ಇಲ್ಲಿ ಬಲಿಪೂಜೆಯನ್ನು ಅರ್ಪಿಸಿ, ನಮ್ಮ ಮಕ್ಕಳಿಗೆ ಜ್ಞಾನಸ್ನಾನವಿತ್ತು, ನಮ್ಮ ಹಿರಿಯರನ್ನು ಸಮಾಧಿಗೆ ಒಪ್ಪಿಸಿದ ಗುರುಗಳೆಲ್ಲರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಅವರಲ್ಲಿ ಪ್ರತಿಯೊಬ್ಬರೂ ಯಾವುದೋ ಒಂದು ಮನೆಯ ಮಕ್ಕಳು. ದೇವರ ಕರೆಯು ಅವರ ಹೃದಯದಲ್ಲಿ ಮೂಡಿದಾಗ ಅದನ್ನು ಗುರುತಿಸಿ, ಕೈಹಿಡಿದು ನಡೆಸಿದವರು ಯಾರೋ ಇದ್ದೇ ಇರುತ್ತಾರೆ. ಈ ಸತ್ಯಕ್ಕೆ ಧರ್ಮಕೇಂದ್ರಗಳ ಗುರುಗಳ ಪಾಲಕರಾದ ಸಂತ ಜಾನ್ ಮರಿಯ ವಿಯಾನ್ನಿಯವರ ಜೀವನಕ್ಕಿಂತ ಉತ್ತಮವಾದ ದೃಷ್ಟಾಂತವು ದೊರೆಯಲಾರದು.

ವಿಯಾನ್ನಿಯವರು 1786ರ ಮೇ 8ರಂದು ಫ್ರಾನ್ಸ್ ದೇಶದ ಲಿಯೊನ್ ನಗರದ ಸಮೀಪದಲ್ಲಿರುವ ಡಾರ್ಡಿಲಿ ಗ್ರಾಮದ ಒಕ್ಕಲು ಮನೆತನದಲ್ಲಿ ಜನಿಸಿದರು. ಮೂರು ವರ್ಷಗಳ ತರುವಾಯ, 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ ಆರಂಭವಾಯಿತು. ಹೊಸ ಸರ್ಕಾರವು ವಿಧಿಸಿದ ಪ್ರಮಾಣವಚನವನ್ನು ನಿರಾಕರಿಸಿದ ಗುರುಗಳು ವೇಷ ಮರೆಸಿಕೊಂಡು ಅಲೆಯಬೇಕಾಯಿತು. ಕೊಟ್ಟಿಗೆಗಳಲ್ಲಿಯೂ ಮನೆಗಳ ಒಳಕೋಣೆಗಳಲ್ಲಿಯೂ ಗುಟ್ಟಾಗಿ ಬಲಿಪೂಜೆ ನಡೆಯುತ್ತಿತ್ತು. 1799ರಲ್ಲಿ ಬಾಲಕ ಜಾನ್ ಪ್ರಥಮ ಪರಮಪ್ರಸಾದವನ್ನು ಸ್ವೀಕರಿಸಿದ್ದೂ ಎಕ್ಯುಲಿ ಎಂಬ ಊರಿನ ಒಂದು ಮನೆಯಲ್ಲಿ. ಒಳಗಿನ ಬೆಳಕು ಹೊರಗಿನವರ ಕಣ್ಣಿಗೆ ಬೀಳದಿರಲೆಂದು ಕಿಟಕಿಗಳ ಮುಂದೆ ಹುಲ್ಲಿನ ಗಾಡಿಗಳನ್ನು ನಿಲ್ಲಿಸಲಾಗಿತ್ತು. ಪ್ರಾಣವನ್ನೇ ಪಣವಾಗಿಟ್ಟು ಸಂಸ್ಕಾರಗಳನ್ನು ನೀಡುತ್ತಿದ್ದ ಆ ಗುರುಗಳನ್ನು ಕಂಡ ಬಾಲಕನಲ್ಲಿ ತಾನೂ ಗುರುವಾಗಬೇಕೆಂಬ ಆಸೆ ಚಿಗುರಿತು.

ಮಗನ ಮನಸ್ಸನ್ನು ಮೊದಲು ಅರಿತವರು ಭಕ್ತೆಯಾದ ತಾಯಿ. ತಂದೆಯವರಾದರೋ ಸುಲಭವಾಗಿ ಒಪ್ಪಲಿಲ್ಲ. ಹೊಲಕ್ಕೆ ದುಡಿಯುವ ಕೈ ಬೇಕಾಗಿತ್ತು. ಮನೆಯಲ್ಲಿ ಖರ್ಚುಗಳೂ ಇದ್ದವು. ಅಂತೂ ಒಪ್ಪಿಗೆ ದೊರೆತು, 1806ರಲ್ಲಿ ಇಪ್ಪತ್ತರ ಯುವಕ ವಿಯಾನ್ನಿ ಎಕ್ಯುಲಿಯ ವಿಚಾರಣಾ ಗುರುಗಳಾದ ಶಾರ್ಲ್ ಬ್ಯಾಲೇ ಸ್ವಾಮಿಯವರ ಬಳಿ ಓದಲು ಸೇರಿದರು. ಬ್ಯಾಲೇ ಸ್ವಾಮಿಯವರೂ ಕ್ರಾಂತಿಯ ದಿನಗಳಲ್ಲಿ ಮರೆಯಲ್ಲಿದ್ದು ಸೇವೆ ಸಲ್ಲಿಸಿದವರು.

ಓದು ಬಹಳ ಕಷ್ಟವಾಯಿತು. ಲತೀನ್ ಭಾಷೆಯ ವ್ಯಾಕರಣ ತಲೆಗೆ ಹತ್ತುತ್ತಿರಲಿಲ್ಲ. ಪಾಠ ಹೇಳಿಕೊಡಲು ಬಂದ ಚಿಕ್ಕ ವಯಸ್ಸಿನ ಸಹಪಾಠಿ ಮತಿಯಾಸ್ ಲೋರಾಸ್ ಒಮ್ಮೆ ಸಹನೆಗೆಟ್ಟು ಹೊಡೆದಾಗ, ವಿಯಾನ್ನಿಯವರೇ ಮೊಣಕಾಲೂರಿ ಆತನ ಕ್ಷಮೆ ಬೇಡಿದರು. ಮುಂದೆ ಆ ಲೋರಾಸ್ ಅಮೇರಿಕದ ಡುಬುಕ್ ಧರ್ಮಪ್ರಾಂತದ ಧರ್ಮಾಧ್ಯಕ್ಷರಾದರು. ಎದೆಗುಂದಿದ ವಿಯಾನ್ನಿಯವರು ಸಂತ ಫ್ರಾನ್ಸಿಸ್ ರೇಜಿಸರ ಸಮಾಧಿಯಿರುವ ಲಾ ಲೂವೆಸ್ಕ್‌ಗೆ ಭಿಕ್ಷೆ ಬೇಡುತ್ತಾ ಕಾಲ್ನಡಿಗೆಯಲ್ಲಿ ಯಾತ್ರೆ ಹೋಗಿಬಂದರು. 1809ರಲ್ಲಿ ಸೈನ್ಯಕ್ಕೆ ಸೇರುವ ಆಜ್ಞೆ ಬಂತು. ಕಾಯಿಲೆಯಿಂದ ತಮ್ಮ ದಳಕ್ಕಿಂತ ಹಿಂದುಳಿದ ಅವರು ಲೇ ನೋಯೇ ಎಂಬ ಬೆಟ್ಟದ ಹಳ್ಳಿಯಲ್ಲಿ ಬೇರೊಂದು ಹೆಸರಿನಲ್ಲಿ ತಲೆಮರೆಸಿಕೊಂಡು, ಅಲ್ಲಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. 1811ರಲ್ಲಿ ಮನೆಗೆ ಮರಳಿದ ಕೆಲವೇ ವಾರಗಳಲ್ಲಿ ತಾಯಿ ತೀರಿಕೊಂಡರು. ಮಗನು ಪೀಠದ ಮುಂದೆ ನಿಲ್ಲುವುದನ್ನು ನೋಡುವ ಭಾಗ್ಯ ಆ ತಾಯಿಗೆ ದೊರೆಯಲಿಲ್ಲ.

1813ರಲ್ಲಿ ಅವರು ಲಿಯೊನ್ ನಗರದ ಗುರುಮಠವನ್ನು ಸೇರಿದರು. ಪಾಠಗಳು ಲತೀನಿನಲ್ಲಿ ನಡೆಯುತ್ತಿದ್ದುದರಿಂದ ಅವರಿಗೆ ಅರ್ಥವಾಗಲಿಲ್ಲ. ಕೆಲವು ತಿಂಗಳಲ್ಲೇ ಅವರನ್ನು ಮನೆಗೆ ಕಳುಹಿಸಲಾಯಿತು. ಇಲ್ಲಿಗೆ ಈ ಕಥೆ ಮುಗಿಯಬೇಕಾಗಿತ್ತು. ಆದರೆ ಬ್ಯಾಲೇ ಸ್ವಾಮಿಯವರು ಶಿಷ್ಯನ ಕೈಬಿಡಲಿಲ್ಲ. ದೈವಶಾಸ್ತ್ರವನ್ನು ಫ್ರೆಂಚ್ ಭಾಷೆಯಲ್ಲಿ ತಾವೇ ಬೋಧಿಸಿದರು. ಪರೀಕ್ಷಕರ ಎದುರಿನಲ್ಲಿ ವಿಯಾನ್ನಿಯವರು ಗಾಬರಿಗೊಂಡು ಉತ್ತರಿಸಲಾಗದೆ ಹೋದಾಗ, ಅವರನ್ನು ತಾಯ್ನುಡಿಯಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕೆಂದು ಹಿರಿಯರಲ್ಲಿ ವಿನಂತಿಸಿಕೊಂಡರು. ಆ ಬಾರಿ ಉತ್ತರಗಳು ತೃಪ್ತಿಕರವಾಗಿದ್ದವು. ಧರ್ಮಪ್ರಾಂತದ ಶ್ರೇಷ್ಠಗುರುಗಳು ಅಭ್ಯರ್ಥಿಯ ಭಕ್ತಿಯನ್ನೂ ಮಾತೆ ಮರಿಯಮ್ಮನವರಲ್ಲಿ ಆತನಿಗಿದ್ದ ಪ್ರೀತಿಯನ್ನೂ ವಿಚಾರಿಸಿ ತಿಳಿದು ಅನುಮತಿ ನೀಡಿದರು. 1815ರ ಆಗಸ್ಟ್ 13ರಂದು, ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ವಿಯಾನ್ನಿಯವರು ಗ್ರೆನೋಬ್ಲ್ ನಗರದಲ್ಲಿ ಗುರುಪಟ್ಟವನ್ನು ಪಡೆದರು.

ಎಕ್ಯುಲಿಯಲ್ಲಿ ಬ್ಯಾಲೇ ಸ್ವಾಮಿಯವರಿಗೇ ಸಹಾಯಕರಾಗಿ ನೇಮಕಗೊಂಡ ಅವರಿಗೆ, ಪಾಪನಿವೇದನೆ ಕೇಳುವ ಅಧಿಕಾರ ಸ್ವಲ್ಪ ಕಾಲದ ನಂತರ ದೊರೆಯಿತು. ಅವರ ಮುಂದೆ ಮೊದಲು ಮೊಣಕಾಲೂರಿ ಪಾಪನಿವೇದನೆ ಮಾಡಿದವರು ಅವರ ಗುರುಗಳಾದ ಬ್ಯಾಲೇ ಸ್ವಾಮಿಯವರೇ! 1817ರಲ್ಲಿ ಆ ಹಿರಿಯರು ನಿಧನರಾದರು. ಮರುವರ್ಷ ವಿಯಾನ್ನಿಯವರನ್ನು ಸುಮಾರು 230 ಜನರಿದ್ದ ಆರ್ಸ್ ಎಂಬ ಕುಗ್ರಾಮಕ್ಕೆ ಕಳುಹಿಸಲಾಯಿತು. ನಲವತ್ತೊಂದು ವರ್ಷ ಅವರು ಅಲ್ಲಿಯೇ ಇದ್ದರು. ಲತೀನ್ ಬಾರದೆಂದು ಹಿಂದಕ್ಕೆ ಕಳುಹಿಸಲ್ಪಟ್ಟ ಅದೇ ಗುರುವಿನ ಬಳಿ ಪಾಪನಿವೇದನೆ ಮಾಡಲು ದೇಶದ ಮೂಲೆಮೂಲೆಗಳಿಂದ ವರ್ಷವರ್ಷವೂ ಸಾವಿರಾರು ಜನರು ಬಂದರು. ದಿನಕ್ಕೆ ಹದಿನಾರು ಗಂಟೆಗಳವರೆಗೂ ಅವರು ಆ ಪೀಠದಲ್ಲಿ ಕುಳಿತಿರುತ್ತಿದ್ದರು. 1859ರ ಆಗಸ್ಟ್ 4ರಂದು ಪ್ರಭುವಿನಲ್ಲಿ ನಿದ್ರಿಸಿದ ಅವರನ್ನು ಜಗದ್ಗುರು ಹನ್ನೊಂದನೆಯ ಭಕ್ತಿನಾಥರು 1925ರಲ್ಲಿ ಸಂತರ ಸಾಲಿಗೆ ಸೇರಿಸಿದರು.

ಪ್ರಿಯ ಬಾಂಧವರೇ, ಬ್ಯಾಲೇ ಸ್ವಾಮಿಯವರು ಮಾಡಿದ್ದೇನೆಂಬುದನ್ನು ನಾವು ಗಮನಿಸೋಣ. ಅವರು ಯುವಕನನ್ನು ಒತ್ತಾಯಿಸಲಿಲ್ಲ, ಹೊಗಳಿ ಉಬ್ಬಿಸಲೂ ಇಲ್ಲ. ಕಲಿಯಬೇಕಾದುದನ್ನು ಕಲಿಯದೆ ಗುರುಪಟ್ಟ ಸಿಗಲೆಂದು ಬಯಸಲಿಲ್ಲ. ಪ್ರಾರ್ಥನೆ, ದೀನತೆ, ಬಿಡದ ಪ್ರಯತ್ನ ಇವುಗಳನ್ನು ವರ್ಷಗಳ ಕಾಲ ತಮ್ಮ ಮನೆಯಲ್ಲಿಯೇ ಕಂಡು, ಇದು ದೇವರ ಕರೆಯೆಂದು ನಿಶ್ಚಯಿಸಿದ ಮೇಲೆ ಅದಕ್ಕೆ ತಾವೇ ಹೊಣೆಯಾಗಿ ನಿಂತರು.

ಇಂದು ನಮ್ಮ ಮನೆಗಳಲ್ಲಿ ಮಕ್ಕಳು ಒಬ್ಬರೋ ಇಬ್ಬರೋ. ಮಗನು ಗುರುಮಠಕ್ಕೆ ಹೋಗುತ್ತೇನೆಂದರೆ, ಮಗಳು ಕನ್ಯಾಮಠಕ್ಕೆ ಸೇರುತ್ತೇನೆಂದರೆ ತಂದೆತಾಯಿಯರ ಎದೆ ನಡುಗುವುದು ಸಹಜ. ವಿಯಾನ್ನಿಯವರ ತಂದೆಯ ಚಿಂತೆಯೂ ಅದೇ ಆಗಿತ್ತು. ಆ ಚಿಂತೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮಕ್ಕಳ ಮಾತನ್ನು ನಕ್ಕು ತಳ್ಳಿಹಾಕಬೇಡಿರಿ. ವಿಚಾರಣಾ ಗುರುಗಳ ಬಳಿಗೆ ಅವರನ್ನು ಕರೆತನ್ನಿರಿ. ಪರಿಶೀಲನೆಯ ನಂತರ ಅವರ ದಾರಿ ವಿವಾಹ ಜೀವನವೆಂದು ತಿಳಿದುಬಂದರೆ ಅದೂ ದೇವರ ಕರೆಯೇ, ಅದರಲ್ಲಿ ಸೋಲೆಂಬುದಿಲ್ಲ. ಅಂಕಪಟ್ಟಿಯಲ್ಲಿ ಹಿಂದುಳಿದವನೆಂದು ಯಾರನ್ನೂ ಕಡೆಗಣಿಸದಿರೋಣ.

1964ರಿಂದ ಪಾಸ್ಖ ಕಾಲದ ನಾಲ್ಕನೆಯ ಭಾನುವಾರದಂದು ಧರ್ಮಸಭೆಯು ಲೋಕದಾದ್ಯಂತ ದೈವಕರೆಗಳಿಗಾಗಿ ಪ್ರಾರ್ಥಿಸುತ್ತಾ ಬಂದಿದೆ. ಆ ಪ್ರಾರ್ಥನೆಯನ್ನು ಪ್ರತಿ ಸಂಜೆಯ ಜಪಸರದೊಂದಿಗೆ ನಮ್ಮ ಮನೆಗಳಲ್ಲಿಯೂ ಸೇರಿಸಿಕೊಳ್ಳೋಣ. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ದೇವಾಲಯದ ಪೀಠಕ್ಕೆ ನಮ್ಮ ಮನೆಗಳಿಂದಲೇ ಗುರುಗಳು ಬರುವಂತೆ ಸಂತ ಜಾನ್ ಮರಿಯ ವಿಯಾನ್ನಿಯವರು ನಮಗಾಗಿ ಪ್ರಾರ್ಥಿಸಲಿ.