ರಮಣ್ ಲಾಂಬಾ: ಮೂರು ಎಸೆತಗಳಷ್ಟು ದೂರ

ದೆಹಲಿ ಕ್ರಿಕೆಟ್ಟಿನ ಮಾತು ಬಂದಾಗ ಹಳೆಯ ಅಭಿಮಾನಿಗಳು ಇಂದಿಗೂ ಸ್ಮರಿಸುವ ಹೆಸರು ರಮಣ್ ಲಾಂಬಾ. 1960ರ ಜನವರಿ 2ರಂದು ಮೀರತ್‌ನಲ್ಲಿ ಜನಿಸಿದ ಈ ಆರಂಭಿಕ ದಾಂಡಿಗ, 1986ರಲ್ಲಿ ಆಸ್ಟ್ರೇಲಿಯಾ ವಿರುದ್ಧ ಜೈಪುರದಲ್ಲಿ ಏಕದಿನ ಕ್ರಿಕೆಟ್ಟಿಗೆ ಪದಾರ್ಪಣೆ ಮಾಡಿ ಆ ಸರಣಿಯ ಶ್ರೇಷ್ಠ ಆಟಗಾರರೆನಿಸಿದರು. ಆದರೂ ಅವರಿಗೆ ದೊರೆತದ್ದು 4 ಟೆಸ್ಟ್ ಹಾಗೂ 32 ಏಕದಿನ ಪಂದ್ಯಗಳು ಮಾತ್ರ. ಪ್ರತಿಭೆಗೆ ತಕ್ಕ ಅವಕಾಶ ಸಿಗಲಿಲ್ಲವೆಂದೇ ನಮ್ಮ ಅಭಿಪ್ರಾಯ.

ರನ್ನಿನ ಹಸಿವು ಮಾತ್ರ ಇಂಗಲಿಲ್ಲ. 1987ರಲ್ಲಿ ದುಲೀಪ್ ಟ್ರೋಫಿಯಲ್ಲಿ ಉತ್ತರ ವಲಯದ ಪರ 320. 1994-95ರಲ್ಲಿ ಹಿಮಾಚಲ ಪ್ರದೇಶದ ವಿರುದ್ಧ ದೆಹಲಿಯ ಪರ 312. ಈ ಎರಡನೆಯ ಪಂದ್ಯದಲ್ಲಿ ರವಿ ಸೆಹಗಲ್ ಅವರೊಡನೆ ಮೊದಲ ವಿಕೆಟ್ಟಿಗೆ ಸೇರಿಸಿದ್ದು 464 ರನ್. ಐರ್ಲೆಂಡಿನಲ್ಲೂ ಢಾಕಾದಲ್ಲೂ ಕ್ಲಬ್ ಪಂದ್ಯಗಳನ್ನಾಡಿ ಜನಪ್ರಿಯರಾದರು.

1998ರ ಫೆಬ್ರವರಿ 20. ಢಾಕಾದ ಬಂಗಬಂಧು ಕ್ರೀಡಾಂಗಣದಲ್ಲಿ ಅಬಾಹನಿ ತಂಡದ ಪರ ಆಡುತ್ತಿದ್ದ ಲಾಂಬಾ, ಓವರಿನ ನಡುವೆ ಶಾರ್ಟ್ ಲೆಗ್‌ಗೆ ಬಂದು ನಿಂತರು. ದಾಂಡಿಗನಿಂದ ಕೆಲವೇ ಹೆಜ್ಜೆಗಳ ಅಂತರ. ಹೆಲ್ಮೆಟ್ ಬೇಕೇ ಎಂದು ಕೇಳಿದರೆ, ಉಳಿದಿರುವುದು ಮೂರೇ ಎಸೆತಗಳೆಂದು ನಿರಾಕರಿಸಿದರು. ಬೌಲರ್ ಸ್ಪಿನ್ನರ್, ಭಯಕ್ಕೆ ಕಾರಣವೇ ಇರಲಿಲ್ಲವೆನ್ನಿ! ಆದರೆ ದಾಂಡಿಗ ಬಲವಾಗಿ ಬಾರಿಸಿದ ಚೆಂಡು ಅವರ ಹಣೆಗೆ ಬಡಿದು, ಹಿಂದಕ್ಕೆ ಚಿಮ್ಮಿ ವಿಕೆಟ್ ಕೀಪರ್ ಕೈ ಸೇರಿತು.

ಲಾಂಬಾ ಕುಸಿದರೂ ಎದ್ದು, ತಾವೇ ನಡೆದು ಡ್ರೆಸಿಂಗ್ ರೂಮ್ ತಲುಪಿದರು. ತಲೆಯ ಪೆಟ್ಟಿನ ವಂಚನೆ ಇರುವುದು ಇಲ್ಲಿಯೇ. ಗಟ್ಟಿಯಾದ ತಲೆಬುರುಡೆ ಹಿಗ್ಗುವುದಿಲ್ಲ. ಒಳಗೆ ರಕ್ತ ಸೋರಿ ಹೆಪ್ಪುಗಟ್ಟುತ್ತಾ ಹೋದಂತೆ ಮೆದುಳಿನ ಮೇಲೆ ಒತ್ತಡ ಏರುತ್ತದೆ. ಆರಂಭದಲ್ಲಿ ಮಾತು, ನಡಿಗೆ ಸರಿಯಾಗಿಯೇ ಇರಬಹುದು. ಬಳಿಕ ಹೆಚ್ಚುವ ತಲೆನೋವು, ವಾಂತಿ, ಮಂಪರು ಕಾಣಿಸಿಕೊಳ್ಳುತ್ತವೆ. ಆಗ ಪ್ರತಿ ನಿಮಿಷವೂ ಅಮೂಲ್ಯ. ನಿದ್ದೆ ಮಾಡಿದರೆ ಸರಿಹೋಗುತ್ತದೆಂದು ಮಲಗಿಸುವ ನಮ್ಮವರ ರೂಢಿ ಇಂಥಲ್ಲಿ ಪ್ರಾಣಾಂತಿಕ.

ಲಾಂಬಾ ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ಕಳೆದುಕೊಂಡರು. ಶಸ್ತ್ರಚಿಕಿತ್ಸೆ ಫಲಿಸಲಿಲ್ಲ. ಫೆಬ್ರವರಿ 23ರಂದು, 38ನೆಯ ವಯಸ್ಸಿನಲ್ಲಿ ನಿಧನರಾದರು.

2014ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಫಿಲಿಪ್ ಹ್ಯೂಸ್, ಹೆಲ್ಮೆಟ್ ಧರಿಸಿದ್ದರೂ ಅದು ಮುಚ್ಚದ ಕತ್ತಿನ ಭಾಗಕ್ಕೆ ಚೆಂಡು ತಗುಲಿ ಮೃತಪಟ್ಟರು. ತಲೆಗೆ ಪೆಟ್ಟು ಬಿದ್ದು ಮೆದುಳು ಅದುರಿದ ಆಟಗಾರನ ಬದಲು ಮತ್ತೊಬ್ಬನನ್ನು ಪೂರ್ಣ ಪ್ರಮಾಣದಲ್ಲಿ ಆಡಿಸಲು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ ಅವಕಾಶ ನೀಡಿದ್ದು 2019ರಲ್ಲಿ.