ಕಡಲ ತಡಿಯಿಂದ ಮಾವಳ್ಳಿಗೆ: ಯಜ್ಞನಾರಾಯಣ ಮಯ್ಯರ ಅಡುಗೆಮನೆ

ಉಡುಪಿ ಜಿಲ್ಲೆಯ ಸಾಲಿಗ್ರಾಮದ ಪಕ್ಕದಲ್ಲಿ, ಅರಬ್ಬಿ ಸಮುದ್ರದ ಮಗ್ಗುಲಲ್ಲಿ ಪಾರಂಪಳ್ಳಿ ಎಂಬ ಗ್ರಾಮವಿದೆ. ಬೇಸಾಯ ಮತ್ತು ಪೌರೋಹಿತ್ಯದ ಆದಾಯ ತುಂಬು ಸಂಸಾರಕ್ಕೆ ಸಾಲದಾದಾಗ ಈ ಸೀಮೆಯ ಹುಡುಗರು ಘಟ್ಟ ಹತ್ತಿ ಅಡುಗೆ ಕೆಲಸಕ್ಕೆ ಸೇರುತ್ತಿದ್ದುದು ಇಪ್ಪತ್ತನೇ ಶತಮಾನದ ಆರಂಭದ ಸಾಮಾನ್ಯ ಸಂಗತಿ. ಕೋಟದವರೇ ಆದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯಲ್ಲೂ ಶೀನಮಯ್ಯನ ಮನೆಗೆ ಹಣ ತರುವುದು ಬೆಂಗಳೂರಿನ ಹೋಟೆಲೇ.

ಪಾರಂಪಳ್ಳಿಯ ಮಯ್ಯ ಸೋದರರೂ ಹಾಗೆಯೇ ಬೆಂಗಳೂರಿಗೆ ಬಂದವರು. ಪರಮೇಶ್ವರ ಮಯ್ಯ ಮತ್ತು ಗಣಪ್ಪಯ್ಯ ಮಯ್ಯ ಮೊದಲು ಸ್ಥಿತಿವಂತರ ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದು, 1924ರಲ್ಲಿ ಲಾಲ್‌ಬಾಗ್ ಫೋರ್ಟ್ ರಸ್ತೆಯಲ್ಲಿ ‘ಬ್ರಾಹ್ಮಣ್ ಕಾಫಿ ಕ್ಲಬ್’ ತೆರೆದರು. ಇಡ್ಲಿ, ಕಾಫಿಗಳ ಪುಟ್ಟ ಹೋಟೆಲದು. ಪರಮೇಶ್ವರ ಮಯ್ಯರು ಬೇಗನೆ ತೀರಿಕೊಂಡ ಮೇಲೆ ಅದರ ಹೊಣೆ ಸೋದರ ಯಜ್ಞನಾರಾಯಣ ಮಯ್ಯರ ಹೆಗಲೇರಿತು. ಬಲ್ಲವರಿಗೆ ಅವರು ಯಜ್ಞಪ್ಪ.

ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಬರ್ಮಾ ಜಪಾನೀಯರ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಲಿಯೆಲ್ಲಿ? ಇಡ್ಲಿಯ ಮೇಲೆ ನಿಂತಿದ್ದ ಹೋಟೆಲಿಗೆ ಇದು ಅಳಿವು ಉಳಿವಿನ ಪ್ರಶ್ನೆ. ಆಗ ಮಯ್ಯರ ಅಡುಗೆಮನೆಯಲ್ಲಿ ರವೆಯನ್ನು ಹುರಿದು, ಮೊಸರಿನಲ್ಲಿ ಕಲೆಸಿ, ಒಗ್ಗರಣೆ ಕೊಟ್ಟು ಇಡ್ಲಿಯಂತೆಯೇ ಹಬೆಯಲ್ಲಿ ಬೇಯಿಸಲಾಯಿತು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂಬುದು ಈ ಮನೆತನ ಹೇಳಿಕೊಂಡು ಬಂದಿರುವ ಕಥೆ. ಕೊರತೆ ನೀಗಿದ ಬಳಿಕವೂ ಗಿರಾಕಿಗಳು ಅದನ್ನು ಬಿಡಲಿಲ್ಲ.

ಆದರೆ ಮಯ್ಯರನ್ನು ಇತರ ಹೋಟೆಲಿಗರಿಂದ ಬೇರ್ಪಡಿಸಿದ್ದು ತಿಂಡಿಗಿಂತ ಹೆಚ್ಚಾಗಿ ಶುಚಿತ್ವದ ಹಟ. 1951ರಲ್ಲಿ ಅವರು ಯುರೋಪಿಗೆ ತೆರಳಿ ಅಲ್ಲಿನ ಉಪಾಹಾರ ಗೃಹಗಳು ನಡೆಯುವ ಬಗೆಯನ್ನು ಕಂಡುಬಂದರು. ಮಡಿಯ ವಾತಾವರಣದಲ್ಲಿ ಬೆಳೆದ ಕರಾವಳಿಯ ಅಡುಗೆಯವರೊಬ್ಬರು ಸ್ವಚ್ಛತೆಯ ಪಾಠಕ್ಕೆ ಸಮುದ್ರ ದಾಟಿದ್ದು ಆ ದಿನಗಳಿಗೆ ಸಣ್ಣ ಸಂಗತಿಯಲ್ಲ. ಮರಳಿದವರೇ ಪಾತ್ರೆ, ಲೋಟಗಳನ್ನು ಹಬೆಯಿಂದ ಶುದ್ಧೀಕರಿಸುವ ವ್ಯವಸ್ಥೆ ತಂದರು. ಒಳ್ಳೆಯ ಆಹಾರ ಪದ್ಧತಿಯ ಬಗ್ಗೆ ಗಿರಾಕಿಗಳಿಗೆ ಕರಪತ್ರ ಹಂಚಿದರು. 1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂದು, ಬಡಾವಣೆಯ ಹೆಸರಿನಲ್ಲಿ ‘ಮಾವಳ್ಳಿ ಟಿಫಿನ್ ರೂಮ್ಸ್’ ಆಯಿತು. ಜಾತಿಸೂಚಕವಾದ ಹಳೆಯ ಫಲಕ ಇಳಿದದ್ದೂ ಗಮನಾರ್ಹವೇ. ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟದ್ದು, ಬೆಳ್ಳಿ ಲೋಟದ ಕಾಫಿ ಎಂಟಿಆರ್‌ನ ಗುರುತುಗಳಾದವು.

1968ರಲ್ಲಿ ಯಜ್ಞನಾರಾಯಣ ಮಯ್ಯರು ನಿಧನರಾದರು. ಅವರು ಹಾಕಿಕೊಟ್ಟ ಕಟ್ಟಳೆಗೆ ನಿಜವಾದ ಪರೀಕ್ಷೆ ಎದುರಾದದ್ದು ತುರ್ತು ಪರಿಸ್ಥಿತಿಯಲ್ಲಿ. ಸರ್ಕಾರ ಹೋಟೆಲ್ ತಿಂಡಿಗಳ ದರ ಇಳಿಸಿತು. ಆ ದರಕ್ಕೆ ಹಳೆಯ ಗುಣಮಟ್ಟ ಕೊಟ್ಟರೆ ನಷ್ಟ; ತುಪ್ಪ, ಕಾಫಿಪುಡಿಯಲ್ಲಿ ಕೈ ಬಿಗಿಹಿಡಿಯಲು ಆಗ ಹೋಟೆಲ್ ನಡೆಸುತ್ತಿದ್ದ ಹರಿಶ್ಚಂದ್ರ ಮಯ್ಯರಿಗೆ ಮನಸ್ಸಿಲ್ಲ. ಕೊನೆಗೆ ಬಾಗಿಲು ಮುಚ್ಚುವುದೇ ಮೇಲೆಂದು ತೀರ್ಮಾನವಾಯಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಮಸಾಲೆ ಪುಡಿ, ತಿಂಡಿ ಮಿಶ್ರಣಗಳ ಮಾರಾಟ ಆರಂಭವಾಗಿ, ಅದೇ ಮುಂದೆ ದೊಡ್ಡ ಉದ್ಯಮವಾಗಿ ಬೆಳೆಯಿತು.

ಆ ಪೊಟ್ಟಣ ಆಹಾರದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಸಂಸ್ಥೆ ಖರೀದಿಸಿತು. ಮುಚ್ಚಿದ್ದ ಹೋಟೆಲು ಕೆಲವು ವರ್ಷಗಳಲ್ಲೇ ಮತ್ತೆ ತೆರೆದು, ಮಯ್ಯ ಮನೆತನದ ಕೈಯಲ್ಲೇ ಉಳಿದುಕೊಂಡಿತು.