ಪರ್ಯಾಯಕ್ಕೆ ಹೊಸ ಕಟ್ಟಳೆಯನ್ನಿತ್ತ ಶ್ರೀವಾದಿರಾಜರು

ಫಾಲ್ಗುಣ ಬಹುಳ ತದಿಗೆಯು ಶ್ರೀಮದ್ವಾದಿರಾಜತೀರ್ಥ ಶ್ರೀಪಾದಂಗಳವರ ಆರಾಧನೆಯ ಪುಣ್ಯದಿನ. ಯುಕ್ತಿಮಲ್ಲಿಕೆಯ ಕರ್ತೃಗಳೆಂದು ಪಂಡಿತರೂ, ಹಯವದನಾಂಕಿತದ ಹರಿದಾಸರೆಂದು ಮನೆಯ ಹೆಂಗಳೆಯರೂ ಅವರನ್ನು ನೆನೆಯುತ್ತಾರೆ. ಶ್ರೀಕೃಷ್ಣಪೂಜೆಯ ಕ್ರಮವನ್ನೇ ಬದಲಿಸಿದ ಅವರ ಕರ್ತೃತ್ವವು ಮಾತ್ರ ಅಷ್ಟಾಗಿ ಪ್ರಸ್ತಾಪಕ್ಕೆ ಬರುವುದಿಲ್ಲ.

1480ರಲ್ಲಿ ಕುಂಭಾಸಿಯ ಸಮೀಪದ ಹೂವಿನಕೆರೆಯಲ್ಲಿ ಅವತರಿಸಿದ ಭೂವರಾಹನಿಗೆ ಎಂಟನೆಯ ವಯಸ್ಸಿನಲ್ಲಿ ಶ್ರೀವಾಗೀಶತೀರ್ಥರು ಸನ್ಯಾಸವನ್ನಿತ್ತರು. ಗುರುಗಳ ತರುವಾಯ ಮಠದ ಭಾರವು ವಾದಿರಾಜರ ಮೇಲೆ ಬಿದ್ದಿತು.

ಆಗ ಉಡುಪಿಯಲ್ಲಿ ಶ್ರೀಮದಾಚಾರ್ಯರು ವಿಧಿಸಿದಂತೆ ಎರಡೆರಡು ತಿಂಗಳ ಪರ್ಯಾಯ ನಡೆಯುತ್ತಿತ್ತು. ಎಂಟು ಮಠಗಳ ಸರದಿ ಹದಿನಾರು ತಿಂಗಳಿಗೆ ಮುಗಿಯುತ್ತಿತ್ತು. ಪೂಜೆ ಮುಗಿಸಿದ ಯತಿಗಳಿಗೆ ಉಳಿಯುತ್ತಿದ್ದುದು ಹದಿನಾಲ್ಕೇ ತಿಂಗಳು. ಕಾಲ್ನಡಿಗೆಯ ಆ ದಿನಗಳಲ್ಲಿ ಬದರಿಗೆ ಹೋಗಿ, ನಡುವೆ ಚಾತುರ್ಮಾಸ್ಯಕ್ಕೆ ನಿಂತು, ವಾದಿಗಳನ್ನು ಎದುರಿಸಿ, ಪಾಠ ಹೇಳಿ ಹಿಂದಿರುಗಲು ಅದೆಲ್ಲಿ ಸಾಕು? ತೀರ್ಥಪ್ರಬಂಧವನ್ನು ರಚಿಸಿದ ಆ ಮಹಾಯಾತ್ರಿಕರು ಈ ತೊಡಕನ್ನು ಅರಿಯದವರಲ್ಲ.

ಎರಡು ತಿಂಗಳನ್ನು ಅವರು ಎರಡು ವರ್ಷವಾಗಿಸಿದರು. 1522ರಿಂದ ಈ ಕ್ರಮವು ನಡೆದುಬಂದಿದೆಯೆಂದು ಪರಂಪರೆ. ಸರದಿ ಹದಿನಾರು ವರ್ಷಗಳದಾಯಿತು. ಹದಿನಾಲ್ಕು ವರ್ಷಗಳು ಸಂಚಾರಕ್ಕೂ ಪಾಠಪ್ರವಚನಕ್ಕೂ ದೊರೆತವು. ಆದರೆ ಹೊರೆಯೂ ಸಣ್ಣದಾಗಲಿಲ್ಲ. ಎರಡು ವರ್ಷ ನಿತ್ಯಪೂಜೆ, ನಿತ್ಯ ಅನ್ನದಾನ! ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳೆಂದು ವರ್ಷಕ್ಕೂ ಮುಂಚೆಯೇ ಸಿದ್ಧತೆ ತೊಡಗಬೇಕು. ಮಧ್ವಸರೋವರದ ಬಳಿ ಬೆಟ್ಟದಂತೆ ನಿಲ್ಲುವ ಕಟ್ಟಿಗೆಯ ರಥವನ್ನು ಕಂಡವರಿಗೆ ಆ ಹೊರೆಯ ಅಳತೆ ತಿಳಿದೀತು.

ಎಂಟು ಮಠಗಳೂ ಸಮಾನವಾದವು. ಒಬ್ಬ ಯತಿಯು ಉಳಿದ ಏಳು ಪೀಠಗಳಿಗೆ ಕಟ್ಟಳೆ ಹೇಳುವುದೆಂದರೆ ಹಗುರವಾದ ಮಾತಲ್ಲ. ಸೋದೆ ಮಠದ ಮೂಲಯತಿಗಳಾದ ಶ್ರೀವಿಷ್ಣುತೀರ್ಥರು ಪೂರ್ವಾಶ್ರಮದಲ್ಲಿ ಆಚಾರ್ಯರ ಸ್ವಂತ ತಮ್ಮಂದಿರು. ಅದನ್ನು ಮುಂದಿಟ್ಟು ಮೊದಲ ಸರದಿ ಕೇಳಬಹುದಿತ್ತು. ವಾದಿರಾಜರು ಹಾಗೆ ಮಾಡಲಿಲ್ಲ. ಶ್ರೀಹೃಷೀಕೇಶತೀರ್ಥರ ಪಲಿಮಾರು ಮಠಕ್ಕೇ ಮೊದಲ ಪರ್ಯಾಯವು ಸಂದಿತು. ಆರನೆಯದಾದ ತಮ್ಮ ಸರದಿಗೆ ಅವರು ಹತ್ತು ವರ್ಷ ಕಾದರು. ಕಟ್ಟಳೆಯು ಉಳಿದುದರ ಗುಟ್ಟು ಇಲ್ಲಿಯೇ ಇದೆಯೆಂದು ನನಗೆ ತೋರುತ್ತದೆ.

1532ರಿಂದ ನಾಲ್ಕು ಪರ್ಯಾಯಗಳನ್ನು ತಾವೇ ನಡೆಸಿದರು. 1596ರಲ್ಲಿ ಐದನೆಯದು ಬಂದಾಗ ಶಿಷ್ಯರಾದ ಶ್ರೀವೇದವೇದ್ಯತೀರ್ಥರಿಂದ ಪೂಜೆ ಮಾಡಿಸಿ, 1600ರಲ್ಲಿ ಸೋದೆಯಲ್ಲಿ ಬೃಂದಾವನವನ್ನು ಪ್ರವೇಶಿಸಿದರು.